ಫೋನಿನೊಳಗಿನ ಮೇಲಧಿಕಾರಿ: ಕಾಡಂಚಿನ ನೌಕರರು ತಿಳಿದಿರಬೇಕಾದದ್ದು

ಬಂಡೀಪುರದ ಮೂಲೆಹೊಳೆಯಲ್ಲೋ ಮದ್ದೂರಿನಲ್ಲೋ ಗಸ್ತಿಗೆ ಹೊರಡುವ ವಾಚರ್‌ಗೆ ದೊಣ್ಣೆ, ನೀರಿನ ಬಾಟಲಿ, ವಾಕಿಟಾಕಿಯ ಜೊತೆಗೆ ಈಗ ಚಾರ್ಜ್ ಆದ ಫೋನೂ ಬೇಕು. ಅವನು ನಡೆದ ದಾರಿಯನ್ನು ಅದು ಗುರುತು ಹಾಕಿಕೊಳ್ಳುತ್ತದೆ. ಹಂಗಳದ ಅಂಗನವಾಡಿಯಲ್ಲಿ ಮಗುವಿನ ತೂಕ ಪುಸ್ತಕಕ್ಕಿಂತ ಮೊದಲು ಫೋನಿಗೆ ಹೋಗಬೇಕು. ಗುಂಡ್ಲುಪೇಟೆಯ ಬಸ್ಸಿನ ಕಂಡಕ್ಟರ್ ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತಿಗೆ ಟಿಕೆಟ್ ಕೊಟ್ಟರು ಎಂಬುದು ಟಿಕೆಟ್ ಯಂತ್ರದಲ್ಲಿ ಉಳಿಯುತ್ತದೆ. ಕಾಡಂಚಿನ ರೆಸಾರ್ಟಿನ ಕೆಲಸದ ಹುಡುಗನ ಮೇಲೆ ಸಿಸಿಟಿವಿ, ಕಾರ್ಖಾನೆಯ ಕೆಲಸಗಾರ್ತಿಗೆ ಮುಖ ತೋರಿಸುವ ಹಾಜರಿ ಯಂತ್ರ, ಊರಿನ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವ ಎಂಜಿನಿಯರ್‌ಗೆ ಕಂಪನಿಯದೇ ಲ್ಯಾಪ್‌ಟಾಪ್.

ನೌಕರರ ಮೇಲಿನ ಡಿಜಿಟಲ್ ನಿಗಾ ಅಂದರೆ ಐಟಿ ಕಂಪನಿಗಳ ವಿಷಯ ಎಂದು ಪಕ್ಕಕ್ಕಿಡುವ ಹಾಗಿಲ್ಲ. ಚಾಮರಾಜನಗರ ಜಿಲ್ಲೆಯಂಥ ಕಡೆ ಅದು ಹೆಚ್ಚು ತಟ್ಟುವುದು ಕಡಿಮೆ ಸಂಬಳದ, ದಿನಗೂಲಿಯ, ಹೊರಗುತ್ತಿಗೆಯ, ಗೌರವಧನದ ಕೆಲಸಗಾರರಿಗೆ. ‘ನನ್ನ ಮೇಲೆ ಕಣ್ಣಿಡಬೇಡಿ’ ಎಂದು ಇವರು ಹೇಳಿದರೆ ಕಾನೂನು ಪೂರ್ತಿ ಬೆಂಬಲಕ್ಕೆ ಬರುವುದಿಲ್ಲ. ಕೆಲಸ ಕೊಟ್ಟವರಿಗೆ ಕೆಲಸವನ್ನು ನೋಡುವ ಹಕ್ಕಿದೆ. ಆದರೆ ಆ ಹಕ್ಕಿಗೆ ಎಲ್ಲೆಗಳಿವೆ. ಎಲ್ಲೆ ಎಲ್ಲಿದೆ ಎಂದು ತಿಳಿಯಲು ಮೂರು ಪ್ರಶ್ನೆ ಸಾಕು: ಫೋನು ಯಾರದು? ಹೊತ್ತು ಯಾವುದು? ನೋಡುವ ಕಾರಣ ಏನು? ಮೂರರಲ್ಲಿ ಕೊನೆಯದೇ ದೊಡ್ಡದು.

ಗಸ್ತಿನ ಆ್ಯಪ್: ದಾಖಲೆಯೋ ರಕ್ಷಣೆಯೋ?

1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಪಟ್ಟಿಯಲ್ಲೇ ಬಂಡೀಪುರದ ಹೆಸರಿತ್ತು. ಆಗ ಬೀಟ್ ನಡೆದದ್ದಕ್ಕೆ ಸಾಕ್ಷಿ ಗಸ್ತಿನ ಪುಸ್ತಕ ಮತ್ತು ಗಾರ್ಡ್‌ನ ಮಾತು. 2010ರಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮತ್ತು ಭಾರತೀಯ ವನ್ಯಜೀವಿ ಸಂಸ್ಥೆ ಸೇರಿ ಎಂ-ಸ್ಟ್ರೈಪ್ಸ್ ಎಂಬ ವ್ಯವಸ್ಥೆ ತಂದವು. ಸಿಬ್ಬಂದಿ ಗಸ್ತು ಶುರು ಮಾಡುವಾಗ ಆ್ಯಪ್ ಒತ್ತುತ್ತಾರೆ. ನಡೆದ ದಾರಿ, ದೂರ, ಸಮಯ, ಕಂಡ ಹೆಜ್ಜೆ ಗುರುತು, ಉರುಳು, ಸತ್ತ ಪ್ರಾಣಿ ಎಲ್ಲವೂ ಸ್ಥಳದ ಅಕ್ಷಾಂಶ ರೇಖಾಂಶದ ಸಮೇತ ದಾಖಲಾಗುತ್ತವೆ. ಯಾವ ಬೀಟ್ ಖಾಲಿ ಬಿದ್ದಿದೆ, ಎಲ್ಲಿ ಉರುಳು ಮತ್ತೆ ಮತ್ತೆ ಸಿಗುತ್ತಿದೆ ಎಂದು ಮೇಲಧಿಕಾರಿಗಳಿಗೆ ನಕ್ಷೆಯಲ್ಲೇ ಕಾಣುತ್ತದೆ. ಕಾಡಿಗೆ ಇದರಿಂದ ಆಗಿರುವ ಲಾಭವನ್ನು ಅಲ್ಲಗಳೆಯುವಂತಿಲ್ಲ.

ಆದರೆ ಇಂಥ ಆ್ಯಪ್‌ಗಳ ಬಗ್ಗೆ ‘ನಿಮ್ಮ ರಕ್ಷಣೆಗೇ ಇದು’ ಎಂಬ ಮಾತೂ ಕೇಳಿಬರುತ್ತದೆ. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬಂಡೀಪುರದ ಒಳಗೆ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ನೆಟ್‌ವರ್ಕ್ ಇಲ್ಲದ ಕಡೆ ಗಸ್ತಿನ ಆ್ಯಪ್ ದಾರಿಯನ್ನು ಫೋನಿನಲ್ಲೇ ಕೂಡಿಟ್ಟುಕೊಂಡು, ಸಿಗ್ನಲ್ ಇರುವ ಜಾಗಕ್ಕೆ ಬಂದ ಮೇಲೆ ಕಳಿಸುತ್ತದೆ. ಅಂದರೆ ಆನೆ ಅಟ್ಟಿಸಿಕೊಂಡು ಬಂದ ಗಳಿಗೆಯಲ್ಲಿ ಆ ಆ್ಯಪ್ ಯಾರನ್ನೂ ಕರೆಯುವುದಿಲ್ಲ. ಆಗ ಕೆಲಸಕ್ಕೆ ಬರುವುದು ವಾಕಿಟಾಕಿ, ಜೊತೆಗಿರುವ ಮನುಷ್ಯ, ಇಷ್ಟು ಹೊತ್ತಿಗೆ ವಾಪಸು ಬರಬೇಕಿತ್ತಲ್ಲ ಎಂದು ಲೆಕ್ಕ ಇಟ್ಟಿರುವ ಕಳ್ಳಬೇಟೆ ತಡೆ ಶಿಬಿರದವರು.

ಇದು ಎಲ್ಲ ಬಗೆಯ ನಿಗಾಕ್ಕೂ ಅನ್ವಯಿಸಬಹುದಾದ ಪರೀಕ್ಷೆ. ಈ ಮಾಹಿತಿ ಆ ಕ್ಷಣಕ್ಕೇ ನನ್ನನ್ನು ಕಾಪಾಡುತ್ತದೆಯೋ, ನಾಳೆ ವರದಿ ತುಂಬಲು ಬಳಕೆಯಾಗುತ್ತದೆಯೋ? ಕಾಪಾಡುವುದಾದರೆ ಅಪಾಯದ ಹೊತ್ತಿನಲ್ಲಿ ಇರಲಿ. ವರದಿಗಾದರೆ ಗಸ್ತಿನ ಹೊತ್ತು ಮುಗಿದ ಮೇಲೆ ನಿಲ್ಲಲಿ. ರಜೆಯಲ್ಲಿ ಹಾಡಿಗೆ ಹೋದ ಜೇನುಕುರುಬ ವಾಚರ್ ಎಲ್ಲಿದ್ದಾನೆ ಎಂದು ತಿಳಿಯುವುದರಿಂದ ಹುಲಿಗೆ ಏನೂ ಆಗಬೇಕಿಲ್ಲ.

ಕ್ಯಾಮೆರಾ ಟ್ರ್ಯಾಪ್ ಇನ್ನೊಂದು ಬದಿ. ಹುಲಿ ಗಣತಿಯಲ್ಲಿ ಸಾಮಾನ್ಯವಾಗಿ ಎರಡು ಚದರ ಕಿಲೋಮೀಟರಿಗೆ ಒಂದು ಜೋಡಿಯಂತೆ ಕ್ಯಾಮೆರಾ ಕಟ್ಟುತ್ತಾರೆ. ಅದರ ಮುಂದೆ ಹುಲಿಯೂ ಹಾಯುತ್ತದೆ, ಸೌದೆ ಹೊತ್ತ ಹೆಂಗಸೂ ಹಾಯುತ್ತಾಳೆ. ಉತ್ತರಾಖಂಡದ ಕಾರ್ಬೆಟ್‌ನಲ್ಲಿ ತ್ರಿಶಾಂತ್ ಸಿಮ್ಲೈ ಮತ್ತು ಕ್ರಿಸ್ ಸ್ಯಾಂಡ್‌ಬ್ರೂಕ್ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಘಟನೆಯನ್ನು ದಾಖಲಿಸಿದೆ. ಬಯಲಿಗೆ ಹೋಗಿದ್ದ ಮಹಿಳೆಯೊಬ್ಬಳ ಚಿತ್ರ ಕ್ಯಾಮೆರಾದಲ್ಲಿ ಸೆರೆಯಾಗಿ, ಸ್ಥಳೀಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿತು. ಸಿಟ್ಟಿಗೆದ್ದ ಊರಿನವರು ಕ್ಯಾಮೆರಾಗಳನ್ನು ಒಡೆದುಹಾಕಿದರು. ಹುಲಿಗೆಂದು ಇಟ್ಟ ಸಾಧನ ಮನುಷ್ಯರ ಮಾನಕ್ಕೆ ಕೈಹಾಕಿದರೆ ಸಂರಕ್ಷಣೆಗೇ ಪೆಟ್ಟು. ಮೆಮೊರಿ ಕಾರ್ಡ್ ತೆಗೆಯುವ ಕೆಲಸ ನಿಮ್ಮದಾಗಿದ್ದರೆ ಒಂದು ಮಾತು ನೆನಪಿರಲಿ: ಮನುಷ್ಯರ ಚಿತ್ರವನ್ನು ಸ್ವಂತ ಫೋನಿಗೆ ಇಳಿಸಿಕೊಳ್ಳಬೇಡಿ, ಗುಂಪಿಗೆ ಹಾಕಬೇಡಿ. ಹಾಕಿದರೆ ಕಾನೂನಿನ ಮುಂದೆ ನಿಲ್ಲುವವರು ನೀವೇ.

ಫೋಟೊ ಹಾಕಿ, ಲೊಕೇಶನ್ ಕಳಿಸಿ

ಗ್ರಾಮಾಂತರದ ನೌಕರರಿಗೆ ನಿಗಾ ಬರುವುದು ದೊಡ್ಡ ತಂತ್ರಾಂಶಕ್ಕಿಂತ ಹೆಚ್ಚಾಗಿ ವಾಟ್ಸ್‌ಆ್ಯಪ್ ಗುಂಪಿನಿಂದ. ‘ಜಿಪಿಎಸ್ ಫೋಟೊ ಹಾಕಿ’ ಎಂಬ ಒಂದು ಸಾಲು ಬೆಳಿಗ್ಗೆ ಬರುತ್ತದೆ, ರಾತ್ರಿ ಹತ್ತಕ್ಕೂ ಬರುತ್ತದೆ. ಹಾಕದಿದ್ದರೆ ಗುಂಪಿನಲ್ಲೇ ಎಲ್ಲರೆದುರು ಹೆಸರು ಕರೆದು ಕೇಳುತ್ತಾರೆ.

ಇದಕ್ಕೆ ಅಧಿಕೃತ ರೂಪವೂ ಇದೆ. 2021ರ ಮೇ ತಿಂಗಳಲ್ಲಿ ಬಂದ ಎನ್‌ಎಂಎಂಎಸ್ ಎಂಬ ಹಾಜರಿ ಆ್ಯಪ್ ನರೇಗಾ ಕಾಮಗಾರಿಗಳಲ್ಲಿ 2023ರ ಜನವರಿ 1ರಿಂದ ಎಲ್ಲ ಕಡೆ ಕಡ್ಡಾಯವಾಯಿತು. ಕೆಲಸದ ಉಸ್ತುವಾರಿ ನೋಡುವ ಮೇಟ್ ದಿನಕ್ಕೆರಡು ಬಾರಿ ಕೂಲಿಗಳನ್ನು ನಿಲ್ಲಿಸಿ ಫೋಟೊ ತೆಗೆಯಬೇಕಿತ್ತು. ಆ ಚಿತ್ರಗಳನ್ನು ಯೋಜನೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ಕೆರೆ ಹೂಳೆತ್ತಿದ ಹೆಂಗಸಿಗೆ ತನ್ನ ಚಿತ್ರ ಹೀಗೆ ಊರೆಲ್ಲ ನೋಡುವಂತಿದೆ ಎಂದು ಹೇಳಿದವರು ಕಡಿಮೆ. ಅಂಗನವಾಡಿಗಳಿಗೆ 2021ರ ಮಾರ್ಚಿನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬಂತು. ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನವನ್ನು ತಾಯಿ-ಮಕ್ಕಳ ಆರೋಗ್ಯದ ದಾಖಲೆ ಇಡುವ ಆರ್‌ಸಿಎಚ್ ಪೋರ್ಟಲ್‌ಗೆ ಕಟ್ಟಿಹಾಕಿರುವುದು ಅವರ ಹಳೆಯ ತಕರಾರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾಜ್ಯದ ಆಶಾಗಳು ಹಗಲೂ ರಾತ್ರಿ ಕೂತಾಗಲೂ ಗೌರವಧನದ ಬೇಡಿಕೆಯ ಜೊತೆಗೆ ಅದಿತ್ತು.

ಗ್ರಾಮ ಆಡಳಿತಾಧಿಕಾರಿಗಳು ಈ ವಿಷಯವನ್ನು ಬೀದಿಗೇ ತಂದರು. 2024ರ ಸೆಪ್ಟೆಂಬರ್ 26ರಿಂದ ರಾಜ್ಯದಾದ್ಯಂತ ನಡೆದ ಮುಷ್ಕರದಲ್ಲಿ, ಆಮೇಲೆ 2025ರ ಫೆಬ್ರುವರಿಯ ಎರಡನೇ ಸುತ್ತಿನಲ್ಲಿ, ಅವರು ಕೇಳಿದ್ದು ಸರಳವಾಗಿತ್ತು. ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಿಸುತ್ತೀರಿ, ಅದಕ್ಕೆ ಬೇಕಾದ ಮೊಬೈಲು, ಲ್ಯಾಪ್‌ಟಾಪು, ಇಂಟರ್ನೆಟ್ ಕೊಡಿ. ಮೇಲ್ನೋಟಕ್ಕೆ ಇದು ಖರ್ಚಿನ ಪ್ರಶ್ನೆ. ಒಳಗೆ ನೋಡಿದರೆ ಖಾಸಗಿತನದ ಪ್ರಶ್ನೆಯೂ ಹೌದು. ಸ್ವಂತ ಫೋನಿನಲ್ಲಿ ಕಚೇರಿಯ ಆ್ಯಪ್ ಹಾಕಿದ ಮೇಲೆ ಮಗಳ ಫೋಟೊ, ಬ್ಯಾಂಕಿನ ಸಂದೇಶ, ಇಲಾಖೆಯ ದಾಖಲೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಇಲಾಖೆ ಫೋನು ಕೊಟ್ಟರೆ ಸಂಜೆ ಅದನ್ನು ಕಪಾಟಿನಲ್ಲಿಡಬಹುದು.

ಫೋನು ಕೊಟ್ಟರೂ ಎಲ್ಲ ಮುಗಿಯಿತೆಂದಲ್ಲ. 2021ರಲ್ಲಿ ಹರಿಯಾಣದ ಆಶಾಗಳಿಗೆ ಕೊಟ್ಟ ಫೋನುಗಳಲ್ಲಿ ದೂರದಿಂದಲೇ ಫೋನನ್ನು ನಿಯಂತ್ರಿಸುವ ಎಂಡಿಎಂ ತಂತ್ರಾಂಶ ಹಾಕಿಸಲು ಹೊರಟಾಗ, ತಾವು ಎಲ್ಲಿದ್ದೇವೆ ಏನು ಮಾಡುತ್ತಿದ್ದೇವೆ ಎಂದು ಹಿಂಬಾಲಿಸುವ ಸಾಧನ ಇದು ಎಂದು ಅವರು ಪ್ರತಿಭಟಿಸಿದರು. ಹಾಗಾಗಿ ‘ಫೋನು ಯಾರದು’ ಎಂಬ ಪ್ರಶ್ನೆಯ ಬೆನ್ನಿಗೇ ‘ಅದರೊಳಗೆ ಏನಿದೆ’ ಎಂದೂ ಕೇಳಬೇಕು.

ಅವರಿಗೆ ಕಾಣುವುದೇನು, ಕಾಣದ್ದೇನು

ಭಯವೂ ಬೇಡ, ಭ್ರಮೆಯೂ ಬೇಡ. ತಾಂತ್ರಿಕವಾಗಿ ಇರುವ ಸ್ಥಿತಿ ಹೀಗೆ:

*ಕಚೇರಿಯ ಇಮೇಲ್:* ಪೂರ್ತಿ ಕಾಣುತ್ತದೆ ಎಂದೇ ಇಟ್ಟುಕೊಳ್ಳಿ. ಖಾತೆಯ ಒಡೆತನ ಸಂಸ್ಥೆಯದು. ನೀವು ಅಳಿಸಿದ ಪತ್ರ ಸರ್ವರ್‌ನಲ್ಲಿ ಉಳಿದಿರಬಹುದು.

*ವಾಟ್ಸ್‌ಆ್ಯಪ್:* ಸಂದೇಶ ಕಳಿಸಿದವರ ಮತ್ತು ಪಡೆದವರ ಫೋನಿನಲ್ಲಷ್ಟೇ ತೆರೆದುಕೊಳ್ಳುತ್ತದೆ, ನಡುದಾರಿಯಲ್ಲಿ ಓದಲಾಗದು. ಗುಂಪಿನ ಅಡ್ಮಿನ್‌ಗೆ ನಿಮ್ಮ ಖಾಸಗಿ ಮಾತುಕತೆ ಕಾಣುವುದಿಲ್ಲ. ಸೋರುವುದು ಬೇರೆ ಕಡೆ: ಕಚೇರಿಯ ಕಂಪ್ಯೂಟರಿನಲ್ಲಿ ಮುಚ್ಚದೆ ಬಿಟ್ಟ ವಾಟ್ಸ್‌ಆ್ಯಪ್ ವೆಬ್, ಗೆಳೆಯರೇ ತೆಗೆದ ಸ್ಕ್ರೀನ್‌ಶಾಟ್, ಪಾಸ್‌ವರ್ಡ್ ಹಾಕದ ಬ್ಯಾಕಪ್.

*ಕಚೇರಿಯ ವೈಫೈ:* ಸ್ವಂತ ಫೋನಿನಿಂದ ಬಳಸಿದರೂ ಯಾವ ಜಾಲತಾಣಕ್ಕೆ ಹೋದಿರಿ ಎಂಬುದು ಸಾಮಾನ್ಯವಾಗಿ ಗೊತ್ತಾಗುತ್ತದೆ. ಅಲ್ಲಿ ಏನು ಓದಿದಿರಿ, ಏನು ಬರೆದಿರಿ ಎಂಬುದು ಕಾಣುವುದಿಲ್ಲ. ಆದರೆ ಸಂಸ್ಥೆಯ ಭದ್ರತಾ ಪ್ರಮಾಣಪತ್ರವನ್ನು ನಿಮ್ಮ ಸಾಧನದಲ್ಲಿ ಹಾಕಿದ್ದರೆ ಅದೂ ಕಾಣಬಹುದು.

*ಕಂಪನಿಯ ಲ್ಯಾಪ್‌ಟಾಪ್:* ಪರದೆಯ ಚಿತ್ರ, ಒತ್ತಿದ ಕೀಲಿ, ತೆರೆದ ಕಡತ ಎಲ್ಲವನ್ನೂ ದಾಖಲಿಸುವ ತಂತ್ರಾಂಶಗಳಿವೆ. ಮನೆಯಲ್ಲಿ ಕೂತು ಕೆಲಸ ಮಾಡಿದರೂ ಅದು ಕಚೇರಿಯ ಮೇಜೇ. ಅದರಲ್ಲಿ ಬ್ಯಾಂಕು, ವೈದ್ಯರ ವರದಿ, ಹೊಸ ಕೆಲಸದ ಅರ್ಜಿ ತೆರೆಯಬೇಡಿ.

*ಹಾಜರಿ ಆ್ಯಪ್:* ಹಾಜರಿ ಹಾಕುವ ಗಳಿಗೆಯ ಮುಖ ಮತ್ತು ಸ್ಥಳ ಹೋಗುತ್ತದೆ. ಲೊಕೇಶನ್ ಅನುಮತಿಯನ್ನು ‘ಸದಾ’ ಎಂದು ಕೊಟ್ಟಿದ್ದರೆ ದಿನವಿಡೀ ಹೋಗುವ ಸಾಧ್ಯತೆ ಇದೆ.

*ಜಿಪಿಎಸ್ ಫೋಟೊ:* ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಫೋಟೊ ಕಳಿಸಿದರೆ ಅದರಲ್ಲಿ ಅಡಗಿರುವ ಸ್ಥಳದ ಮಾಹಿತಿ ಕಳಚಿಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಹಾಗೇ ಉಳಿಯುತ್ತದೆ. ಚಿತ್ರದ ಮೇಲೇ ಅಕ್ಷಾಂಶ ರೇಖಾಂಶ ಅಚ್ಚಾಗುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಬಳಸಿದರೆ, ಅದು ಫಾರ್ವರ್ಡ್ ಆದ ಕಡೆಗೆಲ್ಲ ಜಾಗವೂ ಹೋಗುತ್ತದೆ. ಅರಣ್ಯ ಸಿಬ್ಬಂದಿಗೆ ಇದು ಇಮ್ಮಡಿ ಅಪಾಯ. ಹುಲಿಯ ಜಾಡೂ ಶಿಬಿರದ ಜಾಗವೂ ಬೇಟೆಗಾರನ ಕೈ ಸೇರಬಹುದು.

*ಕರೆಗಳು:* ಸಂಸ್ಥೆಯ ಹೆಸರಿನಲ್ಲಿರುವ ಸಿಮ್‌ನ ಬಿಲ್ಲು ಮತ್ತು ಕರೆ ವಿವರ ಸಂಸ್ಥೆಗೆ ಸಿಗಬಹುದು. ನಿಮ್ಮ ಸ್ವಂತ ಸಂಖ್ಯೆಯ ಕರೆ ವಿವರವನ್ನು ತರಿಸಿಕೊಳ್ಳುವ ಅಧಿಕಾರ ಯಾವ ಮಾಲೀಕರಿಗೂ ಇಲ್ಲ. ಪೊಲೀಸರು ಕೂಡ ಕಾನೂನಿನ ದಾರಿಯಲ್ಲೇ ಕೇಳಬೇಕು. ಫೋನ್ ಕದ್ದಾಲಿಕೆಯ ಮಾತಂತೂ ಬೇರೆಯೇ. 1996ರ ಪಿಯುಸಿಎಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಕ್ಕೇ ಕಟ್ಟುನಿಟ್ಟಿನ ಕ್ರಮ ವಿಧಿಸಿದೆ, ಖಾಸಗಿ ಮಾಲೀಕರಿಗೆ ಅಂಥ ಅಧಿಕಾರ ಇಲ್ಲವೇ ಇಲ್ಲ.

ಕಾನೂನು ಎಲ್ಲಿ ನಿಂತಿದೆ

ಖಾಸಗಿತನ ಮೂಲಭೂತ ಹಕ್ಕು ಎಂದು ಇವತ್ತು ನಾವು ಹೇಳುವುದಕ್ಕೆ ಕಾರಣವಾದ ಮೊಕದ್ದಮೆಯ ಹೆಸರಿನಲ್ಲಿ ಇರುವವರು ಕನ್ನಡಿಗರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನವನ್ನು ಸಂವಿಧಾನದ 21ನೇ ವಿಧಿಯ ಭಾಗವೆಂದು ಸಾರಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ತೀರ್ಪಿನಿಂದ ನೌಕರರು ಹಿಡಿದುಕೊಳ್ಳಬೇಕಾದ ಎಳೆ ಇದು: ಸರ್ಕಾರ ಖಾಸಗಿತನಕ್ಕೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಕೈಹಾಕಬೇಕು. ಅರಣ್ಯ, ಕಂದಾಯ, ಆರೋಗ್ಯ ಇಲಾಖೆಗಳು ಸರ್ಕಾರವೇ ಆದ್ದರಿಂದ ಈ ಅಳತೆಗೋಲು ಅವುಗಳಿಗೆ ನೇರವಾಗಿ ಅನ್ವಯಿಸುತ್ತದೆ.

ಖಾಸಗಿ ಸಂಸ್ಥೆಗಳ ಮೇಲೆ ಈಗ ಹಿಡಿತ ಇರುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರಿಂದ. ಅದರ 43ಎ ಕಲಂ ಮತ್ತು 2011ರ ನಿಯಮಗಳು ಬೆರಳಚ್ಚು, ಮುಖ ಮುಂತಾದ ಬಯೊಮೆಟ್ರಿಕ್, ಆರೋಗ್ಯ, ಹಣಕಾಸಿನ ವಿವರ ಮತ್ತು ಪಾಸ್‌ವರ್ಡನ್ನು ಸೂಕ್ಷ್ಮ ಮಾಹಿತಿ ಎನ್ನುತ್ತವೆ. ಅದನ್ನು ಎಚ್ಚರದಿಂದ ಕಾಯದೆ ನಷ್ಟ ಮಾಡಿದ ಕಂಪನಿ ಪರಿಹಾರ ಕೊಡಬೇಕು. ಒಪ್ಪಂದದಡಿ ಸಿಕ್ಕ ವೈಯಕ್ತಿಕ ಮಾಹಿತಿಯನ್ನು ಕೇಡು ಮಾಡುವ ಉದ್ದೇಶದಿಂದ ಹೊರಬಿಟ್ಟರೆ 72ಎ ಕಲಂ ಪ್ರಕಾರ ಮೂರು ವರ್ಷದವರೆಗೆ ಸಜೆ ಆಗಬಹುದು. 43ಎ ಅನ್ವಯಿಸುವುದು ಕಂಪನಿ, ಪಾಲುದಾರಿಕೆ ಮುಂತಾದ ಸಂಸ್ಥೆಗಳಿಗೆ ಮಾತ್ರ, ಸರ್ಕಾರಿ ಇಲಾಖೆಗಲ್ಲ.

ಮುಂದೆ ಬರುವುದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ನೌಕರರಿಗೆ ಮುಖ್ಯವಾದ ಭಾಗಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳು, ಅಂದರೆ 2027ರ ಮೇ ತನಕ ಸಮಯ ಇದೆ. ಈ ಕಾಯ್ದೆಯ ಬಗ್ಗೆ ಹಲವರಲ್ಲಿ ತಪ್ಪು ಭರವಸೆ ಇದೆ. 7ನೇ ಕಲಂ ಮಾಲೀಕರಿಗೆ ಒಂದು ಬಾಗಿಲು ತೆರೆದಿಟ್ಟಿದೆ. ಉದ್ಯೋಗದ ಉದ್ದೇಶಕ್ಕಾಗಿ, ಅಥವಾ ಸಂಸ್ಥೆಯನ್ನು ನಷ್ಟದಿಂದ, ಗುಟ್ಟು ಸೋರಿಕೆಯಿಂದ ಕಾಪಾಡಿಕೊಳ್ಳಲು, ನೌಕರರ ಒಪ್ಪಿಗೆ ಇಲ್ಲದೆಯೇ ಮಾಹಿತಿ ಬಳಸಬಹುದು. ನನ್ನ ಮಾಹಿತಿ ತೋರಿಸಿ, ಅಳಿಸಿ ಎಂದು ಕೇಳುವ ಹಕ್ಕುಗಳು ಒಪ್ಪಿಗೆಯ ಮೇಲೆ ಪಡೆದ ಮಾಹಿತಿಗೆ ಅಂಟಿಕೊಂಡಿವೆ. ಹಾಗಾಗಿ ಈ ಬಾಗಿಲಿನಿಂದ ಒಳಹೋದ ಮಾಹಿತಿಗೆ ಅವು ಸುಲಭವಾಗಿ ಸಿಗವು. ಆದರೂ ಕೈಯಲ್ಲಿ ಎರಡು ಹಿಡಿ ಉಳಿಯುತ್ತವೆ. ಮಾಹಿತಿಯನ್ನು ಭದ್ರವಾಗಿ ಕಾಯುವ ಹೊಣೆಯಿಂದ ಮಾಲೀಕರಿಗೆ ವಿನಾಯಿತಿ ಇಲ್ಲ, ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಕುಂದುಕೊರತೆ ಹೇಳಿಕೊಳ್ಳುವ ಹಕ್ಕೂ ಇದ್ದೇ ಇದೆ. ‘ಉದ್ಯೋಗದ ಉದ್ದೇಶ’ ಎಂಬ ಪದಗಳ ಮೇಲೆಯೇ ಮುಂದಿನ ಜಗಳಗಳೆಲ್ಲ ನಡೆಯಲಿವೆ. ಅದಕ್ಕೇ ‘ಕಾರಣ ಏನು’ ಎಂಬ ಪ್ರಶ್ನೆ ದೊಡ್ಡದು ಎಂದದ್ದು.

ಆ್ಯಪ್ ಆಧಾರಿತ ಡೆಲಿವರಿ, ಟ್ಯಾಕ್ಸಿ ಕೆಲಸಗಾರರಿಗೆ ಕರ್ನಾಟಕ ಸ್ವಲ್ಪ ಮುಂದೆ ಹೋಗಿದೆ. 2025ರ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ, ಕೆಲಸಗಾರರ ಮೇಲೆ ಸ್ವಯಂಚಾಲಿತ ನಿಗಾ ಇದೆಯೇ, ಅದು ಅವರ ಕೆಲಸ ಗಳಿಕೆಗಳನ್ನು ಹೇಗೆ ನಿರ್ಧರಿಸುತ್ತದೆ ಎಂದು ಕಂಪನಿ ತಿಳಿಸಬೇಕು. ಕೆಲಸದಿಂದ ತೆಗೆಯಬೇಕಾದರೆ ಕಾರಣ ಹೇಳಿ, 14 ದಿನಗಳ ಮುಂಚೆ ನೋಟಿಸ್ ಕೊಡಬೇಕು. ರಾಜ್ಯದ ಕಾನೂನು ಪುಸ್ತಕದಲ್ಲಿ ಕೆಲಸಗಾರರ ಡಿಜಿಟಲ್ ನಿಗಾದ ಬಗ್ಗೆ ಇಷ್ಟು ನೇರವಾಗಿ ಮಾತಾಡುವ ಸಾಲು ಬೇರೆ ಸಿಗುವುದು ಕಷ್ಟ.

ಹೊರದೇಶಗಳ ತೀರ್ಪು ನಮ್ಮನ್ನು ಕಟ್ಟಿಹಾಕದಿದ್ದರೂ ದಾರಿ ತೋರಿಸುತ್ತದೆ. ರೊಮೇನಿಯಾದ ಬರ್ಬುಲೆಸ್ಕು ಎಂಬ ಎಂಜಿನಿಯರನ್ನು ಕಚೇರಿಯ ಯಾಹೂ ಮೆಸೆಂಜರಿನಲ್ಲಿ ಮನೆಯವರೊಂದಿಗೆ ಮಾತಾಡಿದ್ದಕ್ಕೆ 2007ರಲ್ಲಿ ಕೆಲಸದಿಂದ ತೆಗೆದಿದ್ದರು. ಮಾತುಕತೆಯ ಪ್ರತಿಯನ್ನು ಮಾಲೀಕರೇ ಮುಂದಿಟ್ಟಿದ್ದರು. 2017ರ ಸೆಪ್ಟೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವನ ಪರ ನಿಂತಿತು. ನಿಗಾ ಇಡುವಂತಿಲ್ಲ ಎಂದು ಅದು ಹೇಳಲಿಲ್ಲ. ಮುಂಚಿತವಾಗಿ ತಿಳಿಸಿದ್ದಿರಾ? ಎಷ್ಟು ಆಳಕ್ಕೆ ಇಳಿದಿರಿ? ಇಳಿಯುವಂಥ ಕಾರಣ ಇತ್ತೇ? ಇದಕ್ಕಿಂತ ಹಗುರವಾದ ದಾರಿ ಇರಲಿಲ್ಲವೇ? ಎಂದು ಕೇಳಬೇಕಿತ್ತು ಎಂದಿತು. ನಮ್ಮ ತಾಲ್ಲೂಕು ಕಚೇರಿಯಲ್ಲೂ ರೆಸಾರ್ಟಿನಲ್ಲೂ ಕೇಳಬಹುದಾದ ಪ್ರಶ್ನೆಗಳೇ ಇವು.

ಗೆರೆ ದಾಟುವುದು ಎಲ್ಲಿ?

ಜನ ಸೇರುವ ಜಾಗಗಳಲ್ಲಿ ಸಿಸಿಟಿವಿ ತಪ್ಪಲ್ಲ. ನೂರು ಜನ ಒಮ್ಮೆಲೇ ಸೇರುವ, ಅಥವಾ ದಿನಕ್ಕೆ ಐನೂರು ಜನ ಬಂದುಹೋಗುವ ಜಾಗಗಳಲ್ಲಿ ಕ್ಯಾಮೆರಾ ಹಾಕಿ, ದೃಶ್ಯವನ್ನು 30 ದಿನ ಇಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯೇ ಹೇಳುತ್ತದೆ. ಆದರೆ ಅದೇ ಕ್ಯಾಮೆರಾ ಬಟ್ಟೆ ಬದಲಿಸುವ ಕೋಣೆಗೋ ಶೌಚಾಲಯಕ್ಕೋ ತಿರುಗಿದರೆ ಅದು ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಮತ್ತು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಅದಕ್ಕಾಗಿಯೇ ಇವೆ. ರೆಸಾರ್ಟುಗಳಲ್ಲಿ ಕೆಲಸಗಾರರು ಅಲ್ಲೇ ತಂಗುವುದುಂಟು. ಅವರು ಮಲಗುವ ಕೋಣೆ ಕೆಲಸದ ಜಾಗವಲ್ಲ.

ಮಹಿಳೆಯೊಬ್ಬರ ಇಂಟರ್ನೆಟ್, ಇಮೇಲ್ ಅಥವಾ ಬೇರೆ ಎಲೆಕ್ಟ್ರಾನಿಕ್ ಸಂವಹನವನ್ನು ಹಿಂಬಾಲಿಸಿ ನೋಡುವುದು ಅದೇ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಬೆನ್ನುಹತ್ತುವ ಅಪರಾಧ ಆಗಬಹುದು. ಕೆಲಸದ ನೆಪದಲ್ಲಿ ರಾತ್ರಿ ವಿಡಿಯೊ ಕರೆ, ‘ಎಲ್ಲಿದ್ದೀಯ, ಲೊಕೇಶನ್ ಹಾಕು’ ಎಂಬ ಸಂದೇಶ ಲೈಂಗಿಕ ಛಾಯೆ ಪಡೆದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಅನ್ವಯಿಸುತ್ತದೆ. ಪಾಸ್‌ವರ್ಡ್ ಕದ್ದು ನಿಮ್ಮ ಖಾತೆಗೆ ನುಗ್ಗುವುದಂತೂ ಯಾವ ಹುದ್ದೆಯವರು ಮಾಡಿದರೂ ಅಪರಾಧವೇ. ‘ಫೋನ್ ಕೊಡು, ನೋಡೋಣ’ ಎಂದು ಸ್ವಂತ ಫೋನು ಕಸಿದು ಮೆಸೇಜು ಓದುವ ಅಧಿಕಾರವನ್ನು ಯಾವ ನೇಮಕಾತಿ ಪತ್ರವೂ ಕೊಡುವುದಿಲ್ಲ.

ಈ ವಾರವೇ ಮಾಡಬಹುದಾದದ್ದು

1. ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ತೆರೆದು, ಯಾವ ಆ್ಯಪ್‌ಗೆ ‘ಸದಾ’ ಅನುಮತಿ ಇದೆ ನೋಡಿ. ಹಾಜರಿ ಆ್ಯಪ್‌ಗೆ ‘ಆ್ಯಪ್ ಬಳಸುವಾಗ ಮಾತ್ರ’ ಎಂಬುದು ಸಾಮಾನ್ಯವಾಗಿ ಸಾಕು. ಗಸ್ತಿನ ಆ್ಯಪ್‌ಗೆ ಪರದೆ ಆರಿದಾಗಲೂ ಅನುಮತಿ ಬೇಕಾಗಬಹುದು. ಆಗ ಗಸ್ತು ಮುಗಿದ ಕೂಡಲೇ ದಾಖಲಾತಿ ನಿಲ್ಲಿಸಿ, ಕಳಿಸಿ, ಆಮೇಲೆ ಮುಚ್ಚಿ.

2. ಸೆಕ್ಯುರಿಟಿ ವಿಭಾಗದಲ್ಲಿ ‘ಡಿವೈಸ್ ಅಡ್ಮಿನ್’ ಪಟ್ಟಿ ನೋಡಿ. ಅಲ್ಲಿ ಕಚೇರಿಯ ಆ್ಯಪ್ ಇದ್ದರೆ ಅದಕ್ಕೆ ಫೋನನ್ನು ಲಾಕ್ ಮಾಡುವ, ಪೂರ್ತಿ ಅಳಿಸುವ ಶಕ್ತಿ ಇರಬಹುದು. ಸ್ವಂತ ಫೋನಾದರೆ ‘ವರ್ಕ್ ಪ್ರೊಫೈಲ್’ ಕೇಳಿ. ಅದರಲ್ಲಿ ಕಚೇರಿಯ ಆ್ಯಪ್‌ಗಳು ಬ್ರೀಫ್‌ಕೇಸ್ ಗುರುತಿನೊಂದಿಗೆ ಬೇರೆಯಾಗಿ ಇರುತ್ತವೆ, ನಿಮ್ಮ ಚಿತ್ರ ಸಂದೇಶಗಳು ಅವರ ಕೈಗೆ ಸಿಗುವುದಿಲ್ಲ.

3. ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ತೆರೆದು ಗುರುತಿಲ್ಲದ ಕಂಪ್ಯೂಟರುಗಳನ್ನು ಲಾಗ್‌ಔಟ್ ಮಾಡಿ. ಬ್ಯಾಕಪ್‌ಗೆ ಪಾಸ್‌ವರ್ಡ್ ಹಾಕಿ.

4. ಲೈವ್ ಲೊಕೇಶನ್ ಕಳಿಸಲೇಬೇಕಾದರೆ ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂಬ ಮೂರು ಆಯ್ಕೆಗಳಲ್ಲಿ ಕೆಲಸಕ್ಕೆ ಬೇಕಾದ ಚಿಕ್ಕದನ್ನು ಆರಿಸಿ.

5. ಆಶಾ, ಅಂಗನವಾಡಿ, ಗ್ರಾಮ ಆಡಳಿತಾಧಿಕಾರಿಗಳು: ಅಪ್‌ಲೋಡ್ ಆದ ಮೇಲೆ ಜನರ ಆಧಾರ್ ಚಿತ್ರ, ಗರ್ಭಿಣಿಯರ ಕಾರ್ಡು, ಪಾಸ್‌ಬುಕ್ ಫೋಟೊಗಳನ್ನು ಗ್ಯಾಲರಿಯಿಂದಲೂ ಕಸದ ಬುಟ್ಟಿಯಿಂದಲೂ ಅಳಿಸಿ. ನಿಮ್ಮ ಖಾಸಗಿತನದ ಜೊತೆಗೆ ಊರಿನವರ ಖಾಸಗಿತನವೂ ನಿಮ್ಮ ಜೇಬಿನಲ್ಲಿದೆ.

6. ಕೆಲಸದ ಆ್ಯಪ್ ಎಂದು ಗುಂಪಿನಲ್ಲಿ ಬಂದ ಎಪಿಕೆ ಕಡತವನ್ನು ಒತ್ತಬೇಡಿ. ಇಲಾಖೆಯ ಲಿಖಿತ ಸೂಚನೆ ನೋಡಿದ ಮೇಲಷ್ಟೇ ಹಾಕಿಕೊಳ್ಳಿ.

ಬರಹದಲ್ಲಿ ಕೇಳಿ

ಬಾಯಿಮಾತಿನ ಆದೇಶಕ್ಕೆ ಬಾಯಿಮಾತಿನ ವಿರೋಧ ಜಗಳವಾಗಿ ಮುಗಿಯುತ್ತದೆ. ಕಾಗದದ ಮೇಲೆ ಕೇಳಿದರೆ ಉತ್ತರಿಸುವ ಹೊಣೆ ಅವರದಾಗುತ್ತದೆ. ಮಾದರಿ ಹೀಗಿರಲಿ:

‘ಮಾನ್ಯರೇ, ಕರ್ತವ್ಯಕ್ಕಾಗಿ ನಾನು ಬಳಸುತ್ತಿರುವ ಆ್ಯಪ್‌ಗೆ ಸಂಬಂಧಿಸಿ ಈ ಮಾಹಿತಿ ಕೋರುತ್ತೇನೆ. ಒಂದು, ಇದನ್ನು ಕಡ್ಡಾಯ ಮಾಡಿದ ಆದೇಶದ ಸಂಖ್ಯೆ ಮತ್ತು ದಿನಾಂಕ. ಎರಡು, ಸಂಗ್ರಹಿಸುವ ಮಾಹಿತಿಯ ವಿವರ, ಮತ್ತು ಕರ್ತವ್ಯದ ಅವಧಿಯ ಹೊರಗೂ ಸಂಗ್ರಹವಾಗುತ್ತದೆಯೇ ಎಂಬುದು. ಮೂರು, ಅದನ್ನು ಯಾರು ನೋಡುತ್ತಾರೆ, ಎಷ್ಟು ಕಾಲ ಇಡುತ್ತಾರೆ. ನಾಲ್ಕು, ವೇತನ ಕಡಿತ ಅಥವಾ ಶಿಸ್ತುಕ್ರಮಕ್ಕೆ ಬಳಸುವುದಾದರೆ ಅದರ ನಿಯಮ. ಐದು, ಸ್ವಂತ ಫೋನು ಬಳಸಲು ಒಪ್ಪದಿದ್ದರೆ ಇರುವ ಪರ್ಯಾಯ.’

ಸರ್ಕಾರಿ ಇಲಾಖೆಯಾದರೆ ಇದನ್ನೇ ಮಾಹಿತಿ ಹಕ್ಕು ಅರ್ಜಿಯಾಗಿ ಕೊಡಬಹುದು. ಕರ್ನಾಟಕದಲ್ಲಿ ಶುಲ್ಕ ಹತ್ತು ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಅರ್ಜಿ ಒಂದೇ ವಿಷಯಕ್ಕೆ ಸೇರಿದ್ದು, 150 ಪದಗಳ ಒಳಗೆ ಇರಬೇಕು ಎಂಬುದು ರಾಜ್ಯದ ನಿಯಮ. ಉತ್ತರಕ್ಕೆ 30 ದಿನ, ಬರದಿದ್ದರೆ ಮೇಲ್ಮನವಿ. ನಿಮ್ಮದೇ ಹಾಜರಿ ದಾಖಲೆ, ಗಸ್ತಿನ ದಾಖಲೆಯ ಪ್ರತಿಯನ್ನೂ ಹೀಗೆ ಕೇಳಬಹುದು. ‘ನೆಟ್‌ವರ್ಕ್ ಇರಲಿಲ್ಲ’ ಎಂಬ ಕಾರಣಕ್ಕೆ ಕೂಲಿ ಹೋದವರಿಗೆ ಈ ಪ್ರತಿಯೇ ಆಧಾರ. ಅಂಥ ದಿನ ಹಾಜರಿ ಬೀಳದ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಅಂದೇ ಮೇಲಿನವರಿಗೆ ಒಂದು ಸಾಲಿನ ಸಂದೇಶ ಕಳಿಸಿಡಿ.

ದೂರು ಎಲ್ಲಿಗೆ?

ಮೊದಲು ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ, ಲಿಖಿತವಾಗಿ. ಖಾತೆಗೆ ನುಗ್ಗಿದ್ದರೆ, ಚಿತ್ರ ಹರಡಿದ್ದರೆ ಕೂಡಲೇ ಪೊಲೀಸ್ ಠಾಣೆಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ. ಹಣ ಹೋಗಿದ್ದರೆ ಸಹಾಯವಾಣಿ 1930. ಕಂಪನಿಯಿಂದ ಪರಿಹಾರ ಬೇಕಾದರೆ ಐಟಿ ಕಾಯ್ದೆಯಡಿ ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿಯೇ ನ್ಯಾಯನಿರ್ಣಯ ಅಧಿಕಾರಿ, ಐದು ಕೋಟಿ ರೂಪಾಯಿವರೆಗಿನ ದಾವೆ ಅಲ್ಲಿ ನಡೆಯುತ್ತದೆ. ಲೈಂಗಿಕ ಕಿರುಕುಳವಾದರೆ ಸಂಸ್ಥೆಯ ಆಂತರಿಕ ಸಮಿತಿಗೆ, ಹತ್ತಕ್ಕಿಂತ ಕಡಿಮೆ ಜನ ಇರುವ ಹೋಂಸ್ಟೇ, ಅಂಗಡಿಗಳಲ್ಲಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬೇಕು. ಉಚಿತ ವಕೀಲರ ನೆರವಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ.

ಇನ್ನು ಕೊನೆಯ ಮಾತು. ದಿನಗೂಲಿ ವಾಚರ್ ಒಬ್ಬನೇ ಹೋಗಿ ‘ಈ ಆ್ಯಪ್ ಯಾಕೆ’ ಎಂದರೆ ನಾಳೆಯಿಂದ ಬರಬೇಡ ಎಂಬ ಉತ್ತರ ಸಿಗಬಹುದು. ಅದೇ ಪ್ರಶ್ನೆಗೆ ವಲಯದ ವಾಚರ್‌ಗಳೆಲ್ಲ ಸಹಿ ಹಾಕಿ ಸಂಘದ ಮೂಲಕ ಕೊಟ್ಟರೆ ಅದು ಕಡತವಾಗುತ್ತದೆ. ಗ್ರಾಮ ಆಡಳಿತಾಧಿಕಾರಿಗಳ, ಆಶಾಗಳ ಮಾತು ರಾಜ್ಯದ ಕಿವಿಗೆ ಬಿದ್ದದ್ದು ಅವರು ಒಟ್ಟಾಗಿ ಕೇಳಿದ್ದರಿಂದ. ಫೋನಿನ ಸೆಟ್ಟಿಂಗ್ಸ್ ಒಬ್ಬೊಬ್ಬರೇ ಬದಲಿಸಿಕೊಳ್ಳಬಹುದು, ನಿಯಮ ಬದಲಾಗಬೇಕಾದರೆ ಸಹಿಗಳು ಬೇಕು.